ಹಕ್ಕಿಗೆ ನಡೆ, ಹುಡುಗನಿಗೆ ಮೂಳೆ

ಬಗ್ಸ್ ಬನ್ನಿಯ ಹೆಸರು ಕೇಳದ ಮಕ್ಕಳು ಕಡಿಮೆ. ಅದೇ ವಾರ್ನರ್ ಬ್ರದರ್ಸ್ ಕಂಪನಿ ಥಿಯೇಟರುಗಳಿಗಾಗಿ ತಂದ ಇಂಕಿಯ ಕಾರ್ಟೂನುಗಳು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. 1939ರಿಂದ 1950ರವರೆಗೆ ಬಂದದ್ದು ಐದೇ ಐದು. ಐದನ್ನೂ ನಿರ್ದೇಶಿಸಿದವನು ಚಕ್ ಜೋನ್ಸ್. ನಾವು ಹಾಸ್ಟೆಲಿನಲ್ಲಿದ್ದಾಗ ಸಂತೆಯಿಂದ ತಂದ ಹಳೇ ಕಾರ್ಟೂನುಗಳ ಸಿ.ಡಿ.ಯಲ್ಲಿ ಒಂದನ್ನು ನೋಡಿದ್ದೆವು. ಈಗ ಐದನ್ನೂ ಹುಡುಕಿ ಸಾಲಾಗಿ ನೋಡಿದ್ದೇವೆ. ನೋಡಿ ಸುಮ್ಮನಿರಲಿಕ್ಕೆ ಆಗಲಿಲ್ಲ.

ಇಂಕಿ ಆಫ್ರಿಕದ ಕಾಡಿನ ಪುಟ್ಟ ಹುಡುಗ. ಸೊಂಟಕ್ಕೆ ತುಂಡು ಬಟ್ಟೆ, ಕೈಯಲ್ಲಿ ಭರ್ಜಿ, ದಪ್ಪ ತುಟಿ, ಕೂದಲಿಗೆ ಸಿಕ್ಕಿಸಿದ ಮೂಳೆ. ಅವನು ಬೇಟೆಗೆ ಹೊರಟರೆ ಸಿಂಹ ಅವನನ್ನೇ ಬೇಟೆಯಾಡಲು ಬರುತ್ತದೆ. ನಡುವೆ ಒಂದು ಕರೀ ಮೈನಾ ಹಕ್ಕಿ ಬರುತ್ತದೆ. ಮೆಂಡೆಲ್ಸನ್‌ನ ‘ಹೆಬ್ರಿಡೀಸ್’ ಸಂಗೀತಕ್ಕೆ ಹೆಜ್ಜೆ ಹಾಕುತ್ತಾ, ನಡುನಡುವೆ ಒಂದು ಕುಪ್ಪಳಿಸು ಕುಪ್ಪಳಿಸಿ, ಯಾರನ್ನೂ ಲೆಕ್ಕಕ್ಕಿಡದೆ ಹೋಗುತ್ತದೆ. ಕಾಡೇ ನಿಂತು ನೋಡುತ್ತದೆ. ಸಿಂಹದ ದರ್ಪವೂ ಅದರ ಮುಂದೆ ನಡೆಯೋದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಈ ಹಕ್ಕಿಯ ನಡೆ ದೊಡ್ಡ ಕಲೆಗಾರಿಕೆ. ಮುಖದಲ್ಲಿ ಭಾವವಿಲ್ಲ, ಬಾಯಲ್ಲಿ ಮಾತಿಲ್ಲ. ಆದರೂ ಯಾವ ದೊರೆಗೂ ತಲೆಬಾಗದ ಜೀವ ಅದು ಅಂತ ನಾಲ್ಕು ಹೆಜ್ಜೆಗೇ ಗೊತ್ತಾಗುತ್ತದೆ. ಹುಡುಗರಾಗಿ ನಮಗೆ ಹಿಡಿಸಿದ್ದು ಅದೇ, ಇವತ್ತಿಗೂ ಹಿಡಿಸುವುದು ಅದೇ. ನಮ್ಮ ತಕರಾರು ಹುಟ್ಟುವುದೂ ಇಲ್ಲಿಂದಲೇ. ಒಂದು ಹಕ್ಕಿಗೆ ಇಷ್ಟು ಘನತೆ ಬರೆಯಬಲ್ಲ ಕೈ, ಪಕ್ಕದಲ್ಲೇ ನಿಂತ ಹುಡುಗನಿಗೆ ಒಂದು ಮನುಷ್ಯನ ಮುಖ ಯಾಕೆ ಬರೆಯಲಿಲ್ಲ? ಬರೆಯಲು ಬರುತ್ತಿರಲಿಲ್ಲ ಅನ್ನುವಂತಿಲ್ಲ. ಬೇಕು ಅನ್ನಿಸಲಿಲ್ಲ, ಅಷ್ಟೆ.

ಹೆಸರನ್ನೇ ನೋಡಿ. ಇಂಕು ಅಂದರೆ ಮಸಿ. ಇಂಕಿ ಅಂದರೆ ನಮ್ಮ ಬಾಯಲ್ಲಿ ಮಸಿಯ. ಕರಿಯ, ತಿಪ್ಪ, ಕೆಂಚ ಅಂತ ಕೂಗಿಸಿಕೊಂಡ ಕೇರಿಗಳಿಂದ ಬಂದವರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೈಬಣ್ಣವನ್ನೇ ಹೆಸರು ಮಾಡಿದ ಮೇಲೆ ಆ ಹುಡುಗನ ಬಗ್ಗೆ ಬೇರೆ ತಿಳಿಯುವುದೇನೂ ಉಳಿಯೋದಿಲ್ಲ. ಅವನ ಅವ್ವ ಯಾರು, ಗುಡಿಸಲೆಲ್ಲಿ, ಅವನಾಡುವ ಭಾಷೆ ಯಾವುದು? ಐದೂ ಚಿತ್ರಗಳಲ್ಲಿ ಅವನ ಬಾಯಿಂದ ಒಂದು ಮಾತು ಹೊರಡುವುದಿಲ್ಲ. ಹಕ್ಕಿಯ ಮೌನ ಗತ್ತು. ಹುಡುಗನದ್ದು ಮೌನವಲ್ಲ, ಮೂಕತನ.

1947ರ ಚಿತ್ರದಲ್ಲಿ ಇಂಕಿ ಸರ್ಕಸ್ಸಿನಲ್ಲಿದ್ದಾನೆ, ಆಫ್ರಿಕದ ಕಾಡುಮನುಷ್ಯ ಅನ್ನುವ ಪ್ರದರ್ಶನದ ವಸ್ತುವಾಗಿ. ಅವನ ತಲೆಯ ಮೂಳೆಗಾಗಿ ನಾಯಿಗಳು ಬೆನ್ನು ಹತ್ತುತ್ತವೆ. ಇದು ಬರೀ ತಮಾಷೆಯ ಕಲ್ಪನೆಯಲ್ಲ. 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯ ಕಾಂಗೋದ ಓಟ ಬೆಂಗಾ ಎಂಬ ತರುಣನನ್ನು ಕೋತಿಗಳ ಮನೆಯಲ್ಲಿಟ್ಟು ಜನಕ್ಕೆ ತೋರಿಸಿತ್ತು. ಕರಿಯ ಪಾದ್ರಿಗಳು ಪ್ರತಿಭಟಿಸಿದ ಮೇಲೆ ಬಿಟ್ಟರು. ಊರಿಗೆ ಮರಳಲಾಗದ ಆ ಮನುಷ್ಯ 1916ರಲ್ಲಿ ಗುಂಡು ಹೊಡೆದುಕೊಂಡು ಸತ್ತ. ಅವನ ಪಂಜರದ ಮುಂದೆ ನಿಂತವರೂ ನಕ್ಕಿದ್ದರು.

ಕಾಲ ಹಾಗಿತ್ತು, ಬಿಡಿ, ಅಂತ ಹೇಳುವವರಿದ್ದಾರೆ. ಯಾರ ಕಾಲ? 1946ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಅಮೆರಿಕದ ಡಬ್ಲ್ಯು.ಇ.ಬಿ. ಡು ಬಾಯ್ಸ್‌ಗೆ ಪತ್ರ ಬರೆದರು. ಅಲ್ಲಿನ ಕರಿಯರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಹೇಳಿ, ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. ಡು ಬಾಯ್ಸ್ ಸಹಾನುಭೂತಿಯಿಂದ ಉತ್ತರ ಬರೆದರು. ಇಂಕಿಯನ್ನು ಸರ್ಕಸ್ಸಿಗೆ ಹಾಕಿದ್ದು ಅದರ ಮರುವರ್ಷ. ವಾಲ್ಟರ್ ಲಾಂಟ್ಜ್‌ನ ಇನ್ನೊಂದು ಕಾರ್ಟೂನಿನ ಮೇಲೆ ಕರಿಯರ ಸಂಘಟನೆ ಎನ್‌ಎಎಸಿಪಿ ಜಗಳಕ್ಕೆ ನಿಂತು, 1949ರಲ್ಲಿ ಯೂನಿವರ್ಸಲ್ ಕಂಪನಿ ಅದನ್ನು ವಾಪಸು ತೆಗೆದುಕೊಳ್ಳುವಂತೆ ಮಾಡಿತು. ಬೇಡ ಅಂದ ಬಾಯಿಗಳು ಆ ಕಾಲದಲ್ಲೂ ಇದ್ದವು. 1950ರಲ್ಲಿ ಬಂದ ಕೊನೆಯ ಚಿತ್ರ ಇಂಕಿಯನ್ನು ಗುಹೆಯ ಕಾಲಕ್ಕೆ ತಳ್ಳಿತು. ಕಾಡು, ಸರ್ಕಸ್ಸು, ಗುಹೆ: ಈ ಹುಡುಗ ಹನ್ನೊಂದು ವರ್ಷದಲ್ಲಿ ನಡೆದ ದಾರಿ ಇದು. ಶಾಲೆಯ ಬಾಗಿಲು ಆ ದಾರಿಯಲ್ಲಿ ಬರಲಿಲ್ಲ.

1968ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಕರಿಯರನ್ನು ಹೀಯಾಳಿಸುವ ಹನ್ನೊಂದು ಹಳೆಯ ಕಾರ್ಟೂನುಗಳನ್ನು ಪ್ರದರ್ಶನದಿಂದ ತೆಗೆಯಿತು. ಜೋನ್ಸ್‌ನದೇ ಒಂದು ಆ ಪಟ್ಟಿಯಲ್ಲಿದೆ. ಇಂಕಿಯ ಒಂದೂ ಇಲ್ಲ. ಇಂಕಿ ಮುದ್ದಾಗಿದ್ದಾನೆ, ಬಯ್ಗುಳವಿಲ್ಲ, ನೋಡುವವರಿಗೆ ಮುಜುಗರವಿಲ್ಲ. ಜರೆದು ಅವಮಾನಿಸಿದರೆ ಪಟ್ಟಿಗೆ ಸೇರಿಸಬಹುದು. ಮುದ್ದು ಮಾಡಿ ಅವಮಾನಿಸಿದರೆ ಪಟ್ಟಿ ಮಾಡುವವರ ಕಣ್ಣಿಗೂ ಬೀಳೋದಿಲ್ಲ. ಹಟ್ಟಿಯ ಮಗುವಿನ ಕೆನ್ನೆ ಚಿವುಟಿ ಹಿತ್ತಲಲ್ಲೇ ಕೂರಿಸಿ ಉಣ್ಣಲಿಕ್ಕೆ ಕೊಡುವ ಮನೆಗಳನ್ನು ನಾವು ಕಂಡಿದ್ದೇವೆ.

ಇವನ್ನು ಸುಟ್ಟುಬಿಡಿ ಅನ್ನುವುದಿಲ್ಲ. ಸುಟ್ಟರೆ ಸಾಕ್ಷಿಯೂ ಹೋಗುತ್ತದೆ. ಮಕ್ಕಳ ಜೊತೆ ಕೂತು ನೋಡಿ. ಹಕ್ಕಿ ಬಂದಾಗ ಅವರು ನಗಲಿ, ಚಪ್ಪಾಳೆ ತಟ್ಟಲಿ. ಮುಗಿದ ಮೇಲೆ ಒಂದು ಹಾಳೆ ಕೊಟ್ಟು, ಇಂಕಿಯ ಊರು ಯಾವುದು, ಅವನನ್ನು ಅವನ ಅವ್ವ ಏನಂತ ಕರೀತಾಳೆ, ಬರೀರಿ ಅನ್ನಿ. ಕಂಪನಿಯವರು ಹನ್ನೊಂದು ವರ್ಷದಲ್ಲಿ ಬರೆಯದ್ದನ್ನು ನಮ್ಮ ಕೇರಿಯ ಒಂದು ಮಗು ಒಂದು ಸಂಜೆಯಲ್ಲಿ ಬರೆದೀತು.