ವ್ಯಾಧಿ ಮತ್ತು ವ್ಯಥೆ

ರೋಗಿಯನ್ನು ಪರೀಕ್ಷಿಸಲು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಮಾರ್ಗಗಳುಂಟೆಂದು ವಾಗ್ಭಟನ ‘ಅಷ್ಟಾಂಗಹೃದಯ’ವು ಹೇಳುತ್ತದೆ. ಇವುಗಳಲ್ಲಿ ಮೊದಲಿನ ಎರಡಕ್ಕೆ ಇಂದು ಯಂತ್ರಗಳ ನೆರವು ಧಾರಾಳವಾಗಿ ದೊರೆತಿದೆ. ಕಣ್ಣು ಕಾಣದುದನ್ನು ಕ್ಷಕಿರಣ ಕಾಣುತ್ತದೆ. ಬೆರಳಿಗೆ ನಿಲುಕದುದನ್ನು ರಕ್ತಪರೀಕ್ಷೆ ತಿಳಿಸುತ್ತದೆ. ಮೂರನೆಯದಕ್ಕೆ ಮಾತ್ರ ಮಾತಲ್ಲದೆ ಬೇರೆ ಸಾಧನವಿಲ್ಲ. ಪ್ರಶ್ನೆಗೆ ಉತ್ತರವಾಗಿ ಬರುವುದು ರೋಗಿಯ ಕಥೆ. ಆ ಕಥೆಯ ಬೆಲೆಯೇನೆಂಬುದು ವೈದ್ಯರಿಗಷ್ಟೇ ಸೇರಿದ ವಿಚಾರವಲ್ಲ. ಸಾಹಿತ್ಯ ವಿಮರ್ಶಕನಿಗೂ ಸೇರಿದುದು.

ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್ 1988ರಲ್ಲಿ ಪ್ರಕಟಿಸಿದ ‘ದಿ ಇಲ್‌ನೆಸ್ ನೆರೇಟಿವ್ಸ್’ ಎಂಬ ಗ್ರಂಥದಲ್ಲಿ ಒಂದು ಮುಖ್ಯವಾದ ಭೇದವನ್ನು ವಿವರಿಸಿದರು. ವೈದ್ಯನು ತನ್ನ ಶಾಸ್ತ್ರದ ಮೂಲಕ ಗುರುತಿಸುವುದು ಒಂದು. ರೋಗಿಯೂ ಅವನ ಮನೆಯವರೂ ಅನುಭವಿಸುವುದು ಇನ್ನೊಂದು. ಮೊದಲನೆಯದನ್ನು ವ್ಯಾಧಿಯೆಂದೂ ಎರಡನೆಯದನ್ನು ವ್ಯಥೆಯೆಂದೂ ಕನ್ನಡದಲ್ಲಿ ಕರೆಯಬಹುದೆಂದು ನನ್ನ ಸೂಚನೆ. ವ್ಯಾಧಿ ವಾಸಿಯಾದರೂ ವ್ಯಥೆ ಉಳಿಯಬಹುದು. ವಾಸಿಯಾಗದ ವ್ಯಾಧಿಯಲ್ಲಿಯೂ ವ್ಯಥೆಯನ್ನು ಕಡಮೆ ಮಾಡಬಹುದು.

ಈ ಎರಡನೆಯ ಮಾತಿಗೆ ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ‘ಇವಾನ್ ಇಲ್ಯಿಚನ ಸಾವು’ ಉತ್ತಮ ನಿದರ್ಶನ. ನ್ಯಾಯಾಧಿಕಾರಿಯಾದ ಇವಾನನು ತಿಳಿಯಬಯಸುವುದು ತನ್ನ ಸ್ಥಿತಿ ಅಪಾಯಕರವೋ ಅಲ್ಲವೋ ಎಂಬುದೊಂದೇ. ವೈದ್ಯನಿಗೆ ಬೇಕಾದುದಾದರೋ ಕೆಟ್ಟಿರುವ ಅವಯವ ಯಾವುದೆಂಬ ನಿರ್ಣಯ. ತಾನು ನ್ಯಾಯಾಲಯದಲ್ಲಿ ಆರೋಪಿಗಳನ್ನು ನಡೆಯಿಸಿಕೊಂಡಂತೆಯೇ ವೈದ್ಯನು ತನ್ನನ್ನು ನಡೆಯಿಸಿಕೊಳ್ಳುತ್ತಿರುವನೆಂದು ಇವಾನನಿಗೆ ಹೊಳೆಯುತ್ತದೆ. ಅವನಿಗೆ ನೆಮ್ಮದಿ ದೊರೆಯುವುದು ಗೆರಾಸಿಮ್ ಎಂಬ ರೈತಾಪಿ ಆಳಿನಿಂದ. ಅವನು ಯಜಮಾನನ ಕಾಲುಗಳನ್ನು ತನ್ನ ಹೆಗಲ ಮೇಲಿರಿಸಿಕೊಂಡು ಕುಳಿತಿರುತ್ತಾನೆ; ಸಾವನ್ನು ಕುರಿತು ಸುಳ್ಳಾಡುವುದಿಲ್ಲ. ಇದು ಚಿಕಿತ್ಸೆಯಲ್ಲ, ಶುಶ್ರೂಷೆ. ಶುಶ್ರೂಷೆಯೆಂಬ ಪದದ ಮೂಲಾರ್ಥವೂ ಕೇಳುವ ಇಚ್ಛೆ ಎಂಬುದೇ ಅಲ್ಲವೆ?

ಮೊದಲನೆಯ ಮಾತಿಗೆ ನಮ್ಮ ತ್ರಿವೇಣಿಯವರ ‘ಶರಪಂಜರ’ವೇ ಸಾಕ್ಷಿ. ಮನಶ್ಶಾಸ್ತ್ರವನ್ನು ಓದಿದ್ದ ಲೇಖಕಿಯ ಈ ಕಾದಂಬರಿಯಲ್ಲಿ ಕಾವೇರಿ ಬಾಣಂತಿತನದಲ್ಲಿ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣ ಹೊಂದಿ ಮನೆಗೆ ಮರಳುತ್ತಾಳೆ. ವ್ಯಾಧಿ ಹೋಯಿತು, ಆದರೆ ಅವಳ ಮಾತನ್ನು ನಂಬುವವರಿಲ್ಲ. ನಕ್ಕರೂ ಸಿಡುಕಿದರೂ ಅದು ಹಳೆಯ ರೋಗದ ಲಕ್ಷಣವೇ. ಕೊನೆಗೆ ಅವಳನ್ನು ಮತ್ತೆ ಕೆಡವುವುದು ಈ ಅಪನಂಬಿಕೆಯೇ. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಿತ್ರವಾಗಿಸಿದರು. ಬಾಣಂತಿಯ ಮನೋರೋಗವನ್ನು ಗ್ರಹಚಾರವೆಂದು ಕೈಬಿಡದೆ, ಮನೆಯವರ ನಡತೆಯೂ ಔಷಧದ ಒಂದು ಭಾಗವೆಂದು ಓದುಗರಿಗೆ ಮನಗಾಣಿಸಿದ್ದು ಈ ಕೃತಿಯ ಹಿರಿಮೆ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಇವಾನನೂ ಕಾವೇರಿಯೂ ಲೇಖಕರ ಸೃಷ್ಟಿ. ಅವರ ನುಡಿ ರೋಗಿಯ ನುಡಿಯೆ? ಸಾಹಿತ್ಯವು ರೋಗಿಗೆ ಅಪಚಾರ ಮಾಡಿರುವುದೂ ಉಂಟು. ಸ್ವತಃ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಸೂಸಾನ್ ಸಾಂಟಾಗ್ 1978ರ ‘ಇಲ್‌ನೆಸ್ ಆ್ಯಸ್ ಮೆಟಫರ್’ ಗ್ರಂಥದಲ್ಲಿ, ಕ್ಷಯಕ್ಕೂ ಕ್ಯಾನ್ಸರಿಗೂ ತೊಡಿಸಿದ ರೂಪಕಗಳು ರೋಗಿಗೆ ಕಳಂಕವನ್ನೂ ಭಯವನ್ನೂ ತಂದವೆಂದು ವಾದಿಸಿದರು. ಈ ವಾದ ಬಲವಾದುದು. ಆದರೆ ಇದರಿಂದ ಕಥೆಯೇ ಬೇಡವೆಂದಾಗದು. ರೋಗಿಯ ಬಾಯಿಂದ ಬಂದ ಮಾತನ್ನು ರೋಗಿಯ ಮೇಲೆ ಹೊರಿಸಿದ ಮಾತಿನಿಂದ ಬೇರ್ಪಡಿಸಬೇಕೆಂದಾಗುತ್ತದೆ. ವಿಮರ್ಶಕನ ಕೆಲಸವೇ ಅದು.

ಹೊರನಾಡಿನಲ್ಲಿ ನೆಲಸಿದ ನಮಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಊರಿಂದ ಬಂದ ತಾಯಿಯನ್ನು ಮುಂಬಯಿಯ ಆಸ್ಪತ್ರೆಗೆ ಕರೆದೊಯ್ದಾಗ ಆಕೆ ಎದೆಯಲ್ಲಿ ಸಂಕಟ ಎನ್ನುತ್ತಾಳೆ, ಬೆನ್ನಿನಲ್ಲಿ ಚಳುಕು ಎನ್ನುತ್ತಾಳೆ, ಕಾಲಿನಲ್ಲಿ ಜೋಮು ಎನ್ನುತ್ತಾಳೆ. ಜೊತೆಗೆ ಹೋದ ಮೊಮ್ಮಗನು ಎಲ್ಲವನ್ನೂ ‘ದರ್ದ್’ ಎಂಬ ಒಂದೇ ಪದಕ್ಕೆ ಇಳಿಸುತ್ತಾನೆ. ಜೋಮು ನೋವೇ ಅಲ್ಲ. ಸಂಕಟವೂ ಚಳುಕೂ ಒಂದಲ್ಲ. ವೈದ್ಯನಿಗೆ ಬೇಕಾಗಿದ್ದ ಸಾಕ್ಷ್ಯ ಭಾಷಾಂತರದಲ್ಲಿಯೇ ಕಳೆದುಹೋಗುತ್ತದೆ. ಆಕೆಯ ಭಯವಂತೂ ಬಾಗಿಲಿನ ಹೊರಗೇ ಉಳಿಯುತ್ತದೆ.

ನಮ್ಮ ಸಂಘಗಳು ಜಾನಪದ ಗೀತೆಗಳನ್ನು ಸಂಗ್ರಹಿಸುವ ಶ್ರದ್ಧೆಯಿಂದಲೇ ಬೇನೆಯ ಈ ಮಾತುಗಳನ್ನೂ, ಅವನ್ನು ಆಡಿದವರ ಕಥೆಗಳನ್ನೂ ಸಂಗ್ರಹಿಸಿದರೆ, ಅದು ಕೋಶಕ್ಕೂ ಆಸ್ಪತ್ರೆಗೂ ಸಮಾನವಾಗಿ ಸಲ್ಲುವ ಸಂಶೋಧನೆಯಾದೀತು. ಆ ಕಥೆಗಳನ್ನು ಹೇಳಬಲ್ಲವರು ನಮ್ಮ ಮನೆಗಳಲ್ಲಿಯೇ ಇದ್ದಾರೆ, ಕೇಳುವವರು ಬೇಕು.