ಹೊಳಪಿನ ಕೆಳಗಿನ ತಗಡು

ಹಳೆ ಕಾರುಗಳ ರ‍್ಯಾಲಿ ನೋಡಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು: ಬಾವುಟ ಬೀಸುವ ಹೊತ್ತಿಗೆ ಹೋಗಬೇಡಿ. ಅದಕ್ಕೆ ಎರಡು ಗಂಟೆ ಮುಂಚೆ, ಬಿಸಿಲು ಇನ್ನೂ ಓರೆಯಾಗಿ ಬೀಳುತ್ತಿರುವಾಗ ಹೋಗಿ. ರಾತ್ರಿಯೆಲ್ಲ ತಣ್ಣಗೆ ನಿಂತ ಎಂಜಿನ್ ಹೇಗೆ ಎಚ್ಚರವಾಗುತ್ತದೆ ಎನ್ನುವುದು ಆಗಷ್ಟೇ ನೋಡಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಓರೆ ಬಿಸಿಲಿಗೆ ತಗಡು ಏನನ್ನೂ ಬಚ್ಚಿಡಲಾರದು. ನಡುಮಧ್ಯಾಹ್ನದಲ್ಲಿ ಎಲ್ಲ ಕಾರುಗಳೂ ಹೊಳೆಯುತ್ತವೆ.

ಹೋದ ಮೇಲೆ ಕಾರಿನ ಎದುರು ನಿಲ್ಲಬೇಡಿ. ಹಿಂದಿನ ದೀಪದ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಡಗಿ ಒಂದು ಕಣ್ಣು ಮುಚ್ಚಿ ಹಲಗೆಯ ಅಂಚು ನೋಡುವಂತೆ, ಕಾರಿನ ಪಕ್ಕೆಯನ್ನು ಉದ್ದಕ್ಕೂ ನೋಡಿ. ಎದುರಿನ ಕಟ್ಟಡದ್ದೋ ಲೈಟುಕಂಬದ್ದೋ ಬಿಂಬ ಅದರ ಮೇಲೆ ಬಿದ್ದಿರುತ್ತದೆ. ಆ ಗೆರೆ ಬಾಗಿಲಿಂದ ಬಾಗಿಲಿಗೆ ತುಂಡಾಗದೆ ಹರಿದರೆ ಕೆಳಗಿನ ತಗಡು ನೆಟ್ಟಗಿದೆ. ಕೆರೆಯ ನೀರಿನ ನೆರಳಿನಂತೆ ನಡುಗಿದರೆ ಅಲ್ಲಿ ತಗಡಿನ ಕೆಲಸ ಅರ್ಧಕ್ಕೆ ಬಿಟ್ಟು ಪುಟ್ಟಿ ತುಂಬಿದ್ದಾರೆ. ಆಮೇಲೆ ಬಾಗಿಲ ಸುತ್ತಲಿನ ಸಂದು ನೋಡಿ, ಮೇಲೂ ಕೆಳಗೂ ಒಂದೇ ಅಗಲ ಇದೆಯೇ ಎಂದು. ಆದರೆ ಸ್ಕೇಲು ಹಿಡಿದು ತೀರ್ಪು ಕೊಡುವ ಆತುರ ಬೇಡ. ಅರವತ್ತರ ದಶಕದ ನಮ್ಮ ಕಾರುಗಳು ಕಾರ್ಖಾನೆಯಿಂದ ಬರುವಾಗಲೇ ಸಂದುಗಳು ತುಸು ಹೆಚ್ಚುಕಡಿಮೆ ಇರುತ್ತಿದ್ದವು. ದಾರ ಹಿಡಿದು ಎಳೆದಷ್ಟು ಸಮವಾದ ಸಂದಿರುವ ಅಂಬಾಸಡರ್ ಕಂಡರೆ, ಅದನ್ನು ಇದ್ದದ್ದಕ್ಕಿಂತ ಚೆನ್ನಾಗಿ ಮಾಡಿಟ್ಟಿದ್ದಾರೆ ಎಂದರ್ಥ. ಅದು ಹೊಗಳಿಕೆಯೋ ದೂರೋ ಎಂಬುದನ್ನು ಈ ಬರಹ ಮುಗಿಯುವಷ್ಟರಲ್ಲಿ ನೀವೇ ಯೋಚಿಸಿಕೊಳ್ಳಬಹುದು. ನನ್ನ ಮಟ್ಟಿಗೆ ಅದು ದೂರು.

ಕಣ್ಣು ಪಳಗಬೇಕಾದರೆ ಮೊದಲು ಒಂದೇ ಕಾರನ್ನು ಹಿಡಿಯಬೇಕು. ರೋಲ್ಸ್ ರಾಯ್ಸ್, ಪ್ಯಾಕಾರ್ಡ್‌ಗಳಿಂದ ಆರಂಭಿಸಿದವರು ಬೆರಗಿನಲ್ಲೇ ಉಳಿದುಬಿಡುತ್ತಾರೆ. ನಾನು ಹೊಸಬರಿಗೆ ಸೂಚಿಸುವುದು ಫಿಯೆಟ್ 1100. ಅದು ಈಗಲೂ ಕಾಣಸಿಗುತ್ತದೆ, ಬಿಡಿಭಾಗ ಸಿಗುತ್ತದೆ, ಅದನ್ನು ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿಗಳು ಇನ್ನೂ ಇದ್ದಾರೆ. ಇನ್ನೊಂದು ಕಾರಣವೂ ಇದೆ. ಕಾರು ನಮ್ಮ ದೇಶದಲ್ಲೇ ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೋಜನೆ ಬರೆದು, ಯುರೋಪು, ಅಮೆರಿಕದ ಕಾರ್ಖಾನೆಗಳನ್ನು ಸುತ್ತಿ ಬಂದಿದ್ದರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ತೆರೆಯುವ ಪ್ರಯತ್ನವೂ ನಡೆಯಿತು. ಬ್ರಿಟಿಷ್ ಸರ್ಕಾರ ಅದಕ್ಕೆ ಆಸರೆಯಾಗಲಿಲ್ಲ. ಆ ಕನಸಿನಲ್ಲಿ ಪಾಲುದಾರರಾಗಿದ್ದ ವಾಲಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಮುಂಬೈಯ ಕುರ್ಲಾದ ಆ ಕಾರ್ಖಾನೆಯಲ್ಲಿ ಮೊದಲು ಡಾಡ್ಜ್, ಪ್ಲಿಮತ್‌ಗಳನ್ನು ಜೋಡಿಸಿದರು; 1950ರ ದಶಕದಲ್ಲಿ ಫಿಯೆಟ್ 1100 ಬಂತು. ಅದೇ ಮುಂದೆ ಡಿಲೈಟ್ ಆಯಿತು, ಪ್ರೆಸಿಡೆಂಟ್ ಆಯಿತು, 1974ರಿಂದ ಪದ್ಮಿನಿ ಆಯಿತು. ಮೈಸೂರಿನಲ್ಲಿ ಹುಟ್ಟಬಹುದಾಗಿದ್ದ ಕೂಸು ಮುಂಬೈಯಲ್ಲಿ ಬೆಳೆಯಿತು ಎಂದು ನಾನು ಅಂದುಕೊಳ್ಳುವುದುಂಟು.

ನಮ್ಮ ಮನೆಯ ಡಿಲೈಟ್ ದೊಡ್ಡಪ್ಪನದು. ಎಂವೈ ಅಕ್ಷರದ ಹಳೆ ಮೈಸೂರು ನಂಬರು. ಸಕಲೇಶಪುರದ ಮಳೆಯಲ್ಲಿ ಇಪ್ಪತ್ತು ವರ್ಷ ಓಡಿ, ಅವರು ತೀರಿಕೊಂಡ ಮೇಲೆ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ನಾನು ಅದನ್ನು ಎತ್ತಿಕೊಂಡು ಬೆಂಗಳೂರಿನ ಒಂದು ವರ್ಕ್‌ಶಾಪಿಗೆ ಬಿಟ್ಟೆ. ಎರಡೇ ತಿಂಗಳಿಗೆ ಕನ್ನಡಿಯಂಥ ಕಾರು ಕೈಗೆ ಬಂತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲ ಕೆಳಗಿನ ಪಟ್ಟಿಯಲ್ಲಿ ಬಣ್ಣ ಗುಳ್ಳೆ ಎದ್ದಿತು. ಉಗುರಿನಿಂದ ಕೆರೆದರೆ ಪುಟ್ಟಿ ಬಿಸ್ಕತ್ತಿನಂತೆ ಮುರಿದು ಬಂತು, ಅದರ ಹಿಂದೆ ತಗಡೇ ಇರಲಿಲ್ಲ. ಫಿಯೆಟ್ 1100ಕ್ಕೆ ಲಾರಿಯಂತೆ ಬೇರೆ ಚಾಸಿ ಇಲ್ಲ. ಫ್ಲೋರು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಕಂಬ, ಛಾವಣಿ ಎಲ್ಲ ಬೆಸೆದು ಒಂದೇ ಮೈ. ಆ ಪಟ್ಟಿ ತುಕ್ಕು ಹಿಡಿಯಿತೆಂದರೆ ಮನೆಯ ತೊಲೆಗೆ ಗೆದ್ದಲು ಹತ್ತಿದಂತೆ. ಅದನ್ನು ಪುಟ್ಟಿಯಿಂದ ಮುಚ್ಚುವುದು ನೋಟದ ದೋಷವಲ್ಲ, ಕೂತವರ ಜೀವದ ಪ್ರಶ್ನೆ. ಸ್ಟ್ಯಾಂಡರ್ಡ್ ಹೆರಾಲ್ಡಿನಲ್ಲಿ ಹಾಗಲ್ಲ, ಅದಕ್ಕೆ ಕೆಳಗೆ ಬೇರೆಯೇ ಚಾಸಿ ಇದೆ. ಮೇಲಿನ ಮೈ ಶಿಥಿಲವಾದರೂ ಬೆನ್ನೆಲುಬು ಉಳಿದಿರುತ್ತದೆ. ಹೀಗಾಗಿ ಯಾವ ಕಾರಿನ ಎದುರು ನಿಂತರೂ ಮೊದಲು ತಿಳಿಯಬೇಕಾದದ್ದು, ಇದರ ಭಾರ ಹೊರುವುದು ಯಾವುದು ಎಂಬುದು.

ಎರಡನೇ ಸಲ ಕಾರನ್ನು ಹಿರಿಯ ಟಿಂಕರ್ ಒಬ್ಬರಿಗೆ ಒಪ್ಪಿಸಿದೆ. ಪ್ರತಿ ಶನಿವಾರ ಅವರ ಶೆಡ್ಡಿನಲ್ಲಿ ಕೂತು ನೋಡಿದ್ದೇ ನನ್ನ ಪಾಠಶಾಲೆ. ಅವರು ಮೊದಲ ದಿನ ಏನೂ ಮಾಡಲಿಲ್ಲ, ಬೆರಳ ಗೆಣ್ಣಿನಿಂದ ಇಡೀ ಕಾರನ್ನು ತಟ್ಟುತ್ತಾ ಹೋದರು. ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿ ತುಂಬಿದ್ದು ಮಂಕಾಗಿ ದಬ್ ಎನ್ನುತ್ತದೆ. ತಂತಿಗೆ ಕಟ್ಟಿದ ಸಣ್ಣ ಅಯಸ್ಕಾಂತವನ್ನು ಅಲ್ಲಲ್ಲಿ ತಾಗಿಸಿದರು; ಅಂಟದ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು. ಸಂಜೆಗೆ ಕಾರಿನ ಮೈತುಂಬ ಬಿಳಿ ಸುತ್ತುಗಳು. ಮುಂದಿನ ವಾರ ಕೊಳೆತ ಭಾಗವನ್ನು ಕತ್ತರಿಸಿ ತೆಗೆದರು. ಹೊಸ ತಗಡನ್ನು ಕೈಯಲ್ಲೇ ಮಡಿಸಿ, ಗ್ಯಾಸ್ ವೆಲ್ಡಿಂಗ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ ಹಿಡಿಸಿ, ಒಂದು ಕಡೆ ಬಿಸಿಯಾದರೆ ಇನ್ನೊಂದು ಕಡೆಗೆ ಸರಿದು, ಆರಿದ ಮೇಲೆ ಮತ್ತೆ ಬಂದು ಬೆಸೆದರು. ಒಂದೇ ಉಸಿರಿಗೆ ಬೆಸೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ.

ನನಗೆ ಇಂದಿಗೂ ಸೋಜಿಗವೆನಿಸುವುದು ತಗ್ಗು ಎತ್ತುವ ಕೆಲಸ. ಅಪ್ಪಳಿಸಿ ತಗ್ಗಾದ ತಗಡು ಬರೀ ಒಳಗೆ ಹೋಗಿರುವುದಿಲ್ಲ, ಹಿಗ್ಗಿರುತ್ತದೆ. ಸುಮ್ಮನೆ ಹಿಂದಿನಿಂದ ಬಡಿದರೆ ಗುಬ್ಬಿ ಎದ್ದು ನಿಲ್ಲುತ್ತದೆ. ಅದನ್ನು ಕುಗ್ಗಿಸಬೇಕು. ನಾಣ್ಯದಗಲ ಜಾಗವನ್ನು ಕೆಂಪಗೆ ಕಾಯಿಸಿ, ಒಳಗಿನಿಂದ ಕಬ್ಬಿಣದ ಗುಂಡು ಒತ್ತಿ ಹಿಡಿದು, ಹೊರಗಿನಿಂದ ಹಗುರ ಸುತ್ತಿಗೆಯಲ್ಲಿ ನಾಲ್ಕು ಏಟು, ಕೂಡಲೇ ಒದ್ದೆ ಬಟ್ಟೆ. ಚುಸ್ ಎಂದು ಹಬೆ ಎದ್ದು ತಗಡು ತನ್ನನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಕಣ್ಣು ಮುಚ್ಚಿ ಅಂಗೈ ಸವರಿ, ಎಲ್ಲಿ ಇನ್ನೂ ಕೂದಲೆಳೆಯಷ್ಟು ಏರಿದೆ ಎಂದು ಹೇಳುತ್ತಿದ್ದರು. ನೋಡುವವರಿಗೆ ಕೊನೆಗೆ ಇದ್ಯಾವುದೂ ಕಾಣುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಪುಟ್ಟಿ ಬೇಕಾಗುತ್ತದೆ, ಆದರೆ ಹಪ್ಪಳದಷ್ಟು ತೆಳ್ಳಗೆ. ಪುಟ್ಟಿ ಬರುವ ಮುಂಚಿನ ಕಾಲದಲ್ಲಿ ಸೀಸ-ತವರ ಕರಗಿಸಿ, ಮರದ ಹಲಗೆಯಲ್ಲಿ ತೀಡಿ ಕೀಲುಗಳನ್ನು ತುಂಬುತ್ತಿದ್ದರು. ಆ ವಿದ್ಯೆ ಬಲ್ಲ ಕೈಗಳು ಈಗ ವಿರಳ. ಅಂಥವರು ಸಿಕ್ಕರೆ ಕಾರು ಬಿಟ್ಟು ಅವರ ಕೈ ನೋಡಿ.

ಇನ್ನು ಬಣ್ಣ. ಫೋರ್ಡ್ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿತ್ತು. ಬಾಳಿಕೆಯ ಕಪ್ಪು ಎನಾಮಲ್ ಅದಕ್ಕೆ ಒದಗಿತ್ತು. ಇಪ್ಪತ್ತರ ದಶಕದಲ್ಲಿ ಡುಪಾಂಟ್ ಕಂಪನಿಯ ಡ್ಯೂಕೋ ಬಂದ ಮೇಲೆ ಬಣ್ಣಬಣ್ಣದ ಕಾರುಗಳು ಸುಲಭವಾದವು. ಆ ಹೆಸರು ನಮ್ಮ ಪೇಂಟರುಗಳ ಬಾಯಲ್ಲಿ ಇವತ್ತಿಗೂ ಇದೆ. ಡ್ಯೂಕೋದಂಥ ಈ ಹಳೆಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣವನ್ನು ತೆಳ್ಳಗೆ ಹಲವು ಪದರ ಹೊಡೆದು, ನೀರುಕಾಗದದಲ್ಲಿ ಉಜ್ಜಿ, ಕಾಂಪೌಂಡ್ ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ. ಅದು ಎಣ್ಣೆ ಹಚ್ಚಿದ ತೇಗದ ಹೊಳಪಿನಂಥದು, ಬೆಳಕು ಒಳಗಿಂದ ಬಂದಂತೆ ಇರುತ್ತದೆ. ಈಗಿನ ಪಿಯು (ಪಾಲಿಯುರೆಥೇನ್) ಬಣ್ಣ ಗಟ್ಟಿ, ಬಾಳಿಕೆಯದು, ಮಳೆಗೆ ಜಗ್ಗದು. ಆದರೆ ಅದರ ಮೇಲಿನ ಕ್ಲಿಯರ್ ಕೋಟ್ ಕಾರಿಗೆ ಗಾಜಿನ ಕಾಗದ ಸುತ್ತಿದಂತೆ ಕಾಣುತ್ತದೆ. ದಿನವೂ ಓಡಿಸುವ ಪದ್ಮಿನಿಗೆ ಪಿಯು ಹೊಡೆಸಿದರೆ ನಾನು ಒಪ್ಪುತ್ತೇನೆ. 1930ರ ಕಾರಿಗೆ ಹೊಡೆಸಿದರೆ ಮನಸ್ಸು ನೋಯುತ್ತದೆ.

ಸಣ್ಣ ಸಂಗತಿಗಳಲ್ಲಿ ದೊಡ್ಡ ಸುಳಿವುಗಳಿವೆ. 1920ರ ದಶಕದ ಮೊದಲರ್ಧದ ಕಾರಿನಲ್ಲಿ ರೇಡಿಯೇಟರ್, ದೀಪದ ಬಳೆಗಳಿಗೆ ನಿಕ್ಕಲ್ ಲೇಪನ ಇರಬೇಕು. ಕ್ರೋಮ್ ಬಂದದ್ದು ಆ ದಶಕದ ಕೊನೆಗೆ. ನಿಕ್ಕಲ್ಲಿಗೆ ತುಸು ಹಳದಿ ಬೆರೆತ ಬೆಚ್ಚನೆ ಬಿಳುಪು, ಕ್ರೋಮಿಗೆ ನೀಲಿ ಬೆರೆತ ತಣ್ಣನೆ ಬಿಳುಪು. ಎರಡನ್ನೂ ಒಮ್ಮೆ ಪಕ್ಕಪಕ್ಕದಲ್ಲಿ ನೋಡಿದರೆ ಮತ್ತೆ ಮರೆಯುವುದಿಲ್ಲ. ಹಾಗೆಯೇ ಸ್ಕ್ರೂ. ನಕ್ಷತ್ರದಂಥ ಗೀರಿನ ಫಿಲಿಪ್ಸ್ ಸ್ಕ್ರೂ ಕಾರುಗಳಿಗೆ ಬಂದದ್ದು 1936ರ ಕ್ಯಾಡಿಲಾಕ್‌ನಿಂದ. ಇಪ್ಪತ್ತರ ದಶಕದ ಆಸ್ಟಿನ್ ಸೆವೆನ್ನಿನ ಡ್ಯಾಶ್‌ಬೋರ್ಡಿನಲ್ಲಿ ಅದು ಕಂಡರೆ, ಹೊಯ್ಸಳರ ಗುಡಿಗೆ ಗ್ರಾನೈಟ್ ಟೈಲ್ಸ್ ಹಾಕಿದಂತೆ. ಬಾಗಿಲು ಮುಚ್ಚುವ ಸದ್ದನ್ನೂ ಕೇಳಿಸಿಕೊಳ್ಳಿ. ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿದ ಹಳೆಯ ಮೈಗಳ ಬಾಗಿಲು ಬೀರುವಿನಂತೆ ಮುಚ್ಚಿಕೊಳ್ಳುತ್ತದೆ. 1950ರ ದಶಕದ ಮೊದಮೊದಲ ಫಿಯೆಟ್ 1100ಗಳಲ್ಲಿ ಮುಂಬಾಗಿಲ ಕೀಲು ನಡುಗಂಬಕ್ಕಿದ್ದು, ಬಾಗಿಲು ಮುಂದಿನ ಅಂಚಿನಿಂದ ಹಿಂದಕ್ಕೆ ತೆರೆದುಕೊಳ್ಳುತ್ತದೆ.

ಎಂಜಿನ್ ಬಗ್ಗೆ ಕಡಿಮೆ ಹೇಳುತ್ತೇನೆ. ಅದು ಕಿವಿಗೆ ಬಿಟ್ಟ ವಿಚಾರ. ಚೋಕ್ ಎಳೆದು ಸೆಲ್ಫ್ ಹೊಡೆದಾಗ ಮೊದಲು ಎಡವುತ್ತದೆ, ಚೋಕ್ ಮೆಲ್ಲಗೆ ತಳ್ಳಿದಂತೆ ಉಸಿರು ಹಿಡಿತಕ್ಕೆ ಬರುತ್ತದೆ. ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ. ನಮ್ಮಲ್ಲಿ ಸೀಸ ಬೆರೆತ ಪೆಟ್ರೋಲು 2000ದಲ್ಲಿ ನಿಂತಿತು. ಅದಕ್ಕಿಂತ ಹಳೆಯ ಎಂಜಿನ್ನುಗಳಿಗೆ ಗಟ್ಟಿ ವಾಲ್ವ್ ಸೀಟು ಕೂರಿಸಿದ್ದೀರಾ, ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ರಬ್ಬರ್ ಪೈಪು ಬದಲಾಯಿಸಿದ್ದೀರಾ ಎಂದು ಕೇಳಿದರೆ ಮಾಲೀಕರು ನಿಮ್ಮ ಕಡೆ ತಿರುಗಿ ನೋಡುತ್ತಾರೆ. ಬೆಲೆ ಎಷ್ಟು, ಮೈಲೇಜ್ ಎಷ್ಟು ಎಂದು ಮಾತ್ರ ಕೇಳಬೇಡಿ. "ಯಾವ ಪಾರ್ಟು ಸಿಗೋದು ಕಷ್ಟ ಆಯ್ತು ಸಾರ್?" ಎಂದು ಕೇಳಿ. ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ ಎಲ್ಲವನ್ನೂ ಅವರು ನಿಮಗೆ ಸುತ್ತಿಸಿ ತರುತ್ತಾರೆ. ಕೇಳದೆ ಬಾಗಿಲು ಮುಟ್ಟಬೇಡಿ, ಒರಗಿ ಫೋಟೊ ತೆಗೆಸಿಕೊಳ್ಳಬೇಡಿ. ಪ್ಯಾಂಟಿನ ಗುಂಡಿಯೊಂದು ಆರು ತಿಂಗಳ ಕೆಲಸವನ್ನು ಗೀರಬಲ್ಲದು.

ರ‍್ಯಾಲಿಗೆ ಕಾಯಬೇಕಿಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ 'ಪಯಣ'ದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಕಾರುಗಳಿವೆ. ಒಂದೇ ದಿನ ಎಲ್ಲವನ್ನೂ ನೋಡಬೇಡಿ, ಮೂರು ಕಾರು ಸಾಕು. 'ವಿಂಟೇಜ್' ಎಂಬ ಪದದ ಬಗ್ಗೆಯೂ ಒಂದು ಎಚ್ಚರ: ಬ್ರಿಟಿಷ್ ರೂಢಿಯಲ್ಲಿ ಅದು 1919ರಿಂದ 1930ರ ಕಾರುಗಳಿಗೆ ಮಾತ್ರ. ನಮ್ಮ ಕೇಂದ್ರ ಸರ್ಕಾರದ 2021ರ ನಿಯಮದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪ ಉಳಿಸಿಕೊಂಡ ಬಾಡಿಗೆಯೇತರ ವಾಹನಗಳೆಲ್ಲ ವಿಂಟೇಜ್. ಹೊಸದಾಗಿ ನೋಂದಾಯಿಸಿದವಕ್ಕೆ ವಿಎ ಅಕ್ಷರದ ನಂಬರು. ಹಳೆಯ ನಂಬರು ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ದೊಡ್ಡಪ್ಪನ ಎಂವೈ ಹಾಗೆ ಉಳಿಯಿತು.

ಉಳಿಸುವ ಪ್ರಶ್ನೆಯೇ ಈ ಹವ್ಯಾಸದ ತಿರುಳು. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ, 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದಿನಲ್ಲಿ ಹಳೆ ಕಟ್ಟಡ, ಶಿಲ್ಪಗಳಿಗೆ ತೋರುವ ಗೌರವವನ್ನೇ ಕಾರಿಗೂ ತೋರಬೇಕೆಂದು ಹೇಳಿತು: ಸಾಧ್ಯವಾದಷ್ಟು ಇದ್ದದ್ದನ್ನು ಕಾಪಾಡಿ, ಬದಲಾಯಿಸುವುದು ಅನಿವಾರ್ಯವಾದಾಗ ಮಾತ್ರ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಸ್ಪರ್ಧೆಯಲ್ಲೂ ಮುಟ್ಟದೆ ಉಳಿದ ಕಾರುಗಳಿಗೆ ಬೇರೆಯೇ ವಿಭಾಗವಿದೆ. ನಾನು ಈ ಪಕ್ಷದವನು. ತುಕ್ಕು ತಿಂದದ್ದನ್ನು ಕತ್ತರಿಸಿ ತೆಗೆಯಲೇಬೇಕು, ಬ್ರೇಕು ಹೊಸದಾಗಲೇಬೇಕು. ಬಳಸಿದವರ ಕೈಯಿಂದ ಸವೆದದ್ದು ಬೇರೆ, ಅದು ತುಕ್ಕಲ್ಲ. ಸ್ಟೀರಿಂಗಿನ ಮೇಲೆ ದೊಡ್ಡಪ್ಪನ ಹೆಬ್ಬೆರಳು ಸವೆಸಿದ ಜಾಗವನ್ನು ಪಾಲಿಶ್ ಮಾಡಿಸಲಿಲ್ಲ. ಎಡ ಮುಂಬಾಗಿಲ ಗಾಜಿನ ಹಿಡಿಕೆ ಸಡಿಲವಿತ್ತು. ಬದಲಾಯಿಸೋಣವೇ ಎಂದು ಟಿಂಕರ್ ಕೇಳಿದರು. ಜಾಗ ಬಿಟ್ಟು ಕದಲುವುದಿಲ್ಲ ತಾನೆ ಎಂದೆ. ಇಲ್ಲ ಎಂದರು. ಹಾಗೇ ಇರಲಿ ಎಂದೆ.

ಹದಿನಾಲ್ಕು ತಿಂಗಳಿಗೆ ಕೆಲಸ ಮುಗಿದು ಕಾರು ಊರಿಗೆ ಹೋಯಿತು. ದೊಡ್ಡಮ್ಮ ಅಂಗಳಕ್ಕೆ ಬಂದು ಒಂದು ಸುತ್ತು ಹಾಕಿ, ಏನೂ ಹೇಳದೆ ಎಡಗಡೆ ಮುಂದಿನ ಸೀಟಿನಲ್ಲಿ ಕೂತರು. ಕಾರು ಹೊರಟಿತು. ದಾರಿಯಲ್ಲಿ ಬಾಗೆ ಎಂಬ ಊರಿನ ಇಳಿಜಾರಿನ ಹತ್ತಿರ ಸೆಕೆಯೆನಿಸಿತೇನೋ, ಕೈ ಹಿಡಿಕೆಯ ಕಡೆ ಹೋಯಿತು. ಅದನ್ನು ಮೊದಲು ತುಸು ಮೇಲಕ್ಕೆತ್ತಿ, ಆಮೇಲೆ ತಿರುಗಿಸಿದರು. ಗಾಜು ಇಳಿಯಿತು.