ವಿಡಿಯೋ ಆಟಗಳಲ್ಲಿ ಇತಿಹಾಸ: ಒಂದು ಕಿರುವಿಮರ್ಶೆ

ವಿಡಿಯೋ ಆಟಗಳ ಪರಾಮರ್ಶೆಯು ವಿದ್ವತ್ಪತ್ರಿಕೆಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ತರುಣರು ಮೊಗಲರನ್ನೂ ಮರಾಠರನ್ನೂ ಪಠ್ಯಪುಸ್ತಕಕ್ಕಿಂತ ಮೊದಲೇ ಈ ಆಟಗಳಲ್ಲಿ ಕಾಣಬಹುದಾದ ಕಾಲವಿದು. ಆದುದರಿಂದ ಇವುಗಳ ಗುಣದೋಷಗಳನ್ನು ಅರಿಯುವುದು ಅಧ್ಯಾಪಕರಿಗೆ ಅವಶ್ಯಕವೆಂದು ನಾವು ಭಾವಿಸುತ್ತೇವೆ. ಉಡುಪು, ಆಯುಧ, ಕಟ್ಟಡಗಳ ಯಥಾರ್ಥತೆಯೊಂದೇ ನಮ್ಮ ಅಳತೆಗೋಲಲ್ಲ; ಘಟನೆಗಳ ಕಾರಣವನ್ನು ಆಟವು ಕಾಣಿಸುವುದೇ ಎಂಬುದು ಮುಖ್ಯ ಪ್ರಶ್ನೆ.

ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯ ‘ರಾಜಿ’ (2020) ಅಪಹೃತನಾದ ತಮ್ಮನನ್ನು ಅರಸಿ ಹೊರಟ ಬಾಲೆಯ ಕಥೆ. ಪುರಾಣವನ್ನು ಪುರಾಣವೆಂದೇ ನಿರೂಪಿಸುವ ಈ ಆಟದಲ್ಲಿ ಇತಿಹಾಸವೆಂಬ ಸೋಗಿಲ್ಲ, ಆದುದರಿಂದ ಮೆಚ್ಚತಕ್ಕುದು.

‘ಅಸ್ಯಾಸಿನ್ಸ್ ಕ್ರೀಡ್ ಕ್ರಾನಿಕಲ್ಸ್: ಇಂಡಿಯಾ’ (2016) 1841ರ ಸಿಖ್ ರಾಜ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಗೂ ಇದ್ದ ವೈಷಮ್ಯವನ್ನು ಹಿನ್ನೆಲೆಯಾಗಿ ಉಳ್ಳುದು. ವರ್ಣವೈಭವವೇನೋ ಉಂಟು, ಆದರೆ ಅವಿತು ನುಸುಳುವ ಕಥಾನಾಯಕನಿಗೆ ಇತಿಹಾಸವು ಬರಿಯ ಪರದೆ.

‘ಏಜ್ ಆಫ್ ಎಂಪೈರ್ಸ್ 2’ರ ‘ಡೈನಾಸ್ಟೀಸ್ ಆಫ್ ಇಂಡಿಯಾ’ (2022) ದಕ್ಷಿಣ ಭಾರತವನ್ನು ‘ದ್ರಾವಿಡ’ರೆಂಬ ಒಂದೇ ಹೆಸರಿನಲ್ಲಿ ಅಡಗಿಸುತ್ತದೆ. ಇವರಿಗೆ ನೌಕೆ ಮತ್ತು ಕಾಲಾಳುಗಳೇ ಬಲ, ಕುದುರೆಪಡೆ ದುರ್ಬಲ. ಇದು ರಾಜೇಂದ್ರಚೋಳನಿಗೆ ಒಪ್ಪಬಹುದು; ಪಶ್ಚಿಮ ತೀರದ ಬಂದರುಗಳಿಂದ ಅರಬ್ಬಿ ಕುದುರೆಗಳನ್ನು ತರಿಸಿಕೊಂಡು ಹೋರಾಡಿದ ವಿಜಯನಗರಕ್ಕೆ ಒಪ್ಪದು.

ಇವೆಲ್ಲವುಗಳಲ್ಲಿ ಶ್ರೇಷ್ಠವಾದುದು ‘ಎಂಪೈರ್: ಟೋಟಲ್ ವಾರ್’ (2009). ತೆರಿಗೆ, ವ್ಯಾಪಾರ, ಪ್ರಜೆಗಳ ಅಸಮಾಧಾನಗಳು ಸೋಲುಗೆಲುವುಗಳಿಗೆ ಹೇಗೆ ಕಾರಣವಾಗುವುವೆಂಬುದನ್ನು ಆಡುವವನು ಇಲ್ಲಿ ಅರಿಯುತ್ತಾನೆ. ಆದರೆ ಕ್ರಿ. ಶ. 1700ರಲ್ಲಿ ಆರಂಭವಾಗುವ ಇದರ ನಕಾಶೆಯಲ್ಲಿ ಪ್ರತಿಯೊಂದು ಪ್ರಾಂತಕ್ಕೂ ಒಬ್ಬನೇ ಒಡೆಯನು. ವಸ್ತುಸ್ಥಿತಿಯಾದರೋ ಬೇರೆ. 1705ರಲ್ಲಿ, ತನ್ನ 86ನೆಯ ವಯಸ್ಸಿನಲ್ಲಿ, ಔರಂಗಜೇಬನು ಸುರಪುರದ ಸಮೀಪದ ವಾಗಣಗೇರಾ ಕೋಟೆಯನ್ನು ಸ್ವತಃ ಬಂದು ಮುತ್ತಬೇಕಾಯಿತು. ಬೇಡ ನಾಯಕನಾದ ಪಿಡ್ಡನಾಯಕನಿಗೆ ಮರಾಠರ ನೆರವೂ ಒದಗಿತು. ಕೋಟೆಯು ಬಿದ್ದರೂ ನಾಯಕನು ಸೆರೆಸಿಕ್ಕಲಿಲ್ಲ. ಗುಡ್ಡದ ನೆಲೆ, ಬೇಡರ ಬಂದೂಕು, ಸಮಯಕ್ಕೆ ಒದಗಿದ ಮೈತ್ರಿ, ಇವುಗಳ ಬಲದಿಂದ ಚಕ್ರವರ್ತಿಯನ್ನು ತಡೆದು ನಿಲ್ಲಿಸಿದ ಇಂತಹ ಸಣ್ಣ ಸಂಸ್ಥಾನಕ್ಕೆ ಆ ನಕಾಶೆಯಲ್ಲಿ ಎಡೆಯಿಲ್ಲ. ಹೀಗಾಗಿ ಮೊಗಲರ ಬಲವು ದಖ್ಖನಿನಲ್ಲಿ ಸವೆದುಹೋದ ಕಾರಣವೇ ಅಲ್ಲಿ ಮರೆಯಾಗಿದೆ.

ಈ ಆಟವನ್ನು ಆಡಬೇಡಿರೆಂದು ನಾವು ವಿದ್ಯಾರ್ಥಿಗಳಿಗೆ ಹೇಳಲಾರೆವು. ಆಡಿದ ತರುವಾಯ ವಾಗಣಗೇರಾ ಕೋಟೆಯನ್ನು ಒಮ್ಮೆ ಹತ್ತಿ ನೋಡಲಿ; ಆ ಬಣ್ಣದ ನಕಾಶೆಯು ಬಿಟ್ಟುದೇನೆಂಬುದು ಅವರಿಗೇ ತಿಳಿದೀತು.